ಯುದ್ಧದ ಮಾತು, ದೇವರ ಹೆಸರು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಾರ್ಷಿಕೋತ್ಸವದ ಭಾಷಣ ಅಂದ್ರೆ ಶಿಕ್ಷಣ, ಉದ್ಯೋಗ, ಮೀಸಲಾತಿ ಇಷ್ಟೇ ಅಂತ ಒಂದು ಅಭ್ಯಾಸ ಆಗಿದೆ. ಅವೆಲ್ಲ ಬೇಕು. ಅದರ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಈ ವೇದಿಕೆಯಲ್ಲೇ ಇದ್ದಾರೆ. ನಾನು ಇವತ್ತು ಬೇರೆ ಒಂದು ವಿಷಯ ತೆಗೆದುಕೊಂಡಿದ್ದೇನೆ. ಯುದ್ಧ ಬಂದಾಗ ನಮ್ಮ ನಾಯಕರು ಮೈಕಿನ ಮುಂದೆ ನಿಂತು ದೇವರ ಹೆಸರು ಎತ್ತುತ್ತಾರಲ್ಲ, ಅದು ಯಾಕೆ, ಅದರಿಂದ ಎಂತ ಆಗ್ತದೆ, ಅದಕ್ಕೂ ನಮ್ಮ ಕಾಲನಿಗೂ ಏನು ಸಂಬಂಧ? ಇದು ದಿಲ್ಲಿಯವರ ವಿಷಯ, ನಮಗೆಂತಕ್ಕೆ ಅಂತ ಕೇಳಬೇಡಿ. ನಮಗೆ ಉಂಟು.

2025ರ ಏಪ್ರಿಲ್ 22ಕ್ಕೆ ಕಾಶ್ಮೀರದ ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಧರ್ಮ ಕೇಳಿ ಕೊಂದರು. ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು, ನಮ್ಮ ಕೊಚ್ಚಿಯ ಇಡಪ್ಪಳ್ಳಿಯವರಿದ್ದರು. ಪ್ರವಾಸಿಗರನ್ನು ಕುದುರೆಯಲ್ಲಿ ಕರೆದುಕೊಂಡು ಹೋಗುತ್ತಿದ್ದ ಅಲ್ಲಿಯದೇ ಮುಸ್ಲಿಂ ಯುವಕನೂ ಸತ್ತ. ಕೊಂದವರು ಮಾಡಿದ್ದು ಹೀನ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಮೇ 7ರ ರಾತ್ರಿ ನಮ್ಮ ಸೇನೆ ಗಡಿಯಾಚೆ ಒಂಬತ್ತು ಕಡೆ ದಾಳಿ ಮಾಡಿತು. ಮೇ 10ಕ್ಕೆ ಗುಂಡು ನಿಂತಿತು. ಎಲ್ಲಾ ಸೇರಿ ನಾಲ್ಕು ದಿವಸ. ಆದರೆ ಆ ದಿವಸಗಳ ಮಾತು ಇನ್ನೂ ನಿಂತಿಲ್ಲ.

ಹೆಸರಿನಿಂದಲೇ ಶುರು ಮಾಡುವ. ನಮ್ಮ ಕಾರ್ಯಾಚರಣೆಗೆ ಇಟ್ಟ ಹೆಸರು ಸಿಂಧೂರ. ಗಂಡ ಸತ್ತ ಹೆಂಗಸರ ಅಳಿಸಿಹೋದ ಕುಂಕುಮ ಅಂತ ಅರ್ಥ. (ನಮ್ಮ ಕಡೆ ಬೈತಲೆಗೆ ಸಿಂಧೂರ ಹಾಕುವ ಕ್ರಮವೇ ಇಲ್ಲ, ಹಣೆಗೆ ಬೊಟ್ಟು. ಅದು ಇರಲಿ.) ಪಾಕಿಸ್ತಾನ ಮೇ 10ಕ್ಕೆ ತನ್ನ ಪ್ರತಿದಾಳಿಗೆ ಇಟ್ಟ ಹೆಸರು ಬುನ್ಯಾನ್ ಉಲ್ ಮರ್ಸೂಸ್. ಕುರ್‌ಆನಿನಿಂದ ತೆಗೆದ ಮಾತು, ಗಟ್ಟಿಯಾಗಿ ಕಟ್ಟಿದ ಗೋಡೆ ಎಂಬ ಅರ್ಥದ್ದು. ದಾಳಿ ಆದ ದಿವಸವೇ ನಮ್ಮ ರಕ್ಷಣಾ ಮಂತ್ರಿ ರಾಜನಾಥ ಸಿಂಗ್ ಹೇಳಿದರು: ಅಶೋಕವನ ಹಾಳು ಮಾಡುವಾಗ ಹನುಮಂತ ಪಾಲಿಸಿದ ಆದರ್ಶವನ್ನೇ ನಾವು ಪಾಲಿಸಿದ್ದೇವೆ, ನಮ್ಮವರನ್ನು ಕೊಂದವರನ್ನು ಮಾತ್ರ ಕೊಂದಿದ್ದೇವೆ. ಮೇ 22ಕ್ಕೆ ಪ್ರಧಾನಿ ಮೋದಿಯವರು ರಾಜಸ್ಥಾನದಲ್ಲಿ ಕರಣಿ ಮಾತಾ ದೇವಸ್ಥಾನಕ್ಕೆ ಹೋಗಿ, ಆಮೇಲೆ ಬಿಕಾನೇರದ ಸಭೆಯಲ್ಲಿ, ತನ್ನ ನರಗಳಲ್ಲಿ ರಕ್ತವಲ್ಲ, ಬಿಸಿ ಸಿಂಧೂರ ಹರಿಯುತ್ತಿದೆ ಎಂದರು. ಅತ್ತ ಪಾಕಿಸ್ತಾನದ ಸೇನಾ ಮುಖ್ಯಸ್ಥ ಆಸಿಂ ಮುನೀರ್ ಪಹಲ್ಗಾಮಿನ ಆರು ದಿವಸ ಮೊದಲೇ, ಏಪ್ರಿಲ್ 16ಕ್ಕೆ, ನಾವು ಹಿಂದೂಗಳಿಗಿಂತ ಎಲ್ಲದರಲ್ಲೂ ಬೇರೆ, ಧರ್ಮ ಬೇರೆ, ಆಚಾರ ಬೇರೆ, ವಿಚಾರ ಬೇರೆ, ಇದನ್ನು ಮಕ್ಕಳಿಗೆ ಹೇಳಿಕೊಡಿ ಅಂತ ಭಾಷಣ ಮಾಡಿದ್ದರು. ಅವರ ದೇಶದಲ್ಲಿ ಇದು ಹೊಸತಲ್ಲ. 1965ರಲ್ಲಿ ಅಯೂಬ್ ಖಾನ್ ರೇಡಿಯೋದಲ್ಲಿ ಯುದ್ಧದ ಭಾಷಣ ಮಾಡಿದ್ದೂ ಕಲಿಮಾ ಹೇಳಿಯೇ.

ಇದು ಒಂದೇ ಪಕ್ಷದವರ ರೋಗ ಅಂತ ಯಾರೂ ಸಮಾಧಾನ ಮಾಡಿಕೊಳ್ಳಬೇಕಾಗಿಲ್ಲ. ಕರ್ನಾಟಕದಲ್ಲಿ ಆಗ ಆಡಳಿತದಲ್ಲಿ ಇದ್ದದ್ದು ಕಾಂಗ್ರೆಸ್. ಅಲ್ಲಿಯ ಮಂತ್ರಿ ಜಮೀರ್ ಅಹ್ಮದ್ ಖಾನ್, ಆತ್ಮಾಹುತಿ ಬಾಂಬು ಕೊಡಿ, ಮೈಗೆ ಕಟ್ಟಿಕೊಂಡು ಪಾಕಿಸ್ತಾನಕ್ಕೆ ಹೋಗುತ್ತೇನೆ ಅಂತ ದೇವರ ಮೇಲೆ ಆಣೆ ಹಾಕಿ ಹೇಳಿದರು. ಮುಜರಾಯಿ ಮಂತ್ರಿ ರಾಮಲಿಂಗಾ ರೆಡ್ಡಿಯವರು ಇಲಾಖೆಯ ದೇವಸ್ಥಾನಗಳಲ್ಲಿ ಸೈನಿಕರ ಹೆಸರಿನಲ್ಲಿ ವಿಶೇಷ ಪೂಜೆ ಮಾಡಿಸಿ ಎಂದರು. ಶುಕ್ರವಾರ ಮಸೀದಿಗಳಲ್ಲೂ ಪ್ರಾರ್ಥನೆ ಆಗಲಿ ಅಂತ ಸೂಚನೆ ಹೋಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಏಪ್ರಿಲಿನಲ್ಲಿ, ಯುದ್ಧದ ಅಗತ್ಯ ಇಲ್ಲ, ಭದ್ರತೆ ಬಿಗಿ ಮಾಡಿ ಎಂದಿದ್ದರು. ಆ ಮಾತಿಗೆ ಅವರನ್ನು ಪಾಕಿಸ್ತಾನದವರು ಅಂತ ಬೈದು ಮುಗಿಸಿದರು. ಮೇ 7ಕ್ಕೆ ಅದೇ ಸಿದ್ದರಾಮಯ್ಯ ಹಣೆಗೆ ಕುಂಕುಮ ಇಟ್ಟುಕೊಂಡು ಪತ್ರಿಕಾಗೋಷ್ಠಿಗೆ ಬಂದು ಕೂತರು.

ಆ ಕುಂಕುಮವನ್ನು ಸ್ವಲ್ಪ ಯೋಚಿಸಿ. ಮಂತ್ರಿ ಜಮೀರರ ಆಣೆಯನ್ನೂ ಯೋಚಿಸಿ. ಒಬ್ಬರು ಮುಖ್ಯಮಂತ್ರಿ, ಇನ್ನೊಬ್ಬರು ಮಂತ್ರಿ. ಇಬ್ಬರೂ ಸಂವಿಧಾನದ ಮೇಲೆ ಪ್ರಮಾಣ ಮಾಡಿ ಕುರ್ಚಿಯಲ್ಲಿ ಕೂತವರು. ಆದರೂ ಇಬ್ಬರಿಗೂ ತಾವು ಈ ದೇಶದವರು ಅಂತ ತೋರಿಸಲಿಕ್ಕೆ ಒಂದು ಗುರುತು ಬೇಕಾಯಿತು. ಒಬ್ಬರಿಗೆ ಹಣೆಯ ಮೇಲೆ, ಒಬ್ಬರಿಗೆ ನಾಲಗೆಯ ಮೇಲೆ. ಮುಖ್ಯಮಂತ್ರಿಗೇ ಹೀಗಾದರೆ ಪೆರ್ಲ ಪೇಟೆಯಲ್ಲಿ ಗೂಡಂಗಡಿ ಇಟ್ಟವನಿಗೆ ಎಂತ?

ಒಂದು ಮಾತು ಇಲ್ಲೇ ಸ್ಪಷ್ಟ ಮಾಡ್ತೇನೆ, ಇಲ್ಲದಿದ್ದರೆ ಊಟಕ್ಕೆ ಕೂತಾಗ ನನ್ನನ್ನು ಹಿಡಿದುಕೊಳ್ತೀರಿ. ಸೈನಿಕ ದೇವರನ್ನು ಕರೆಯುವುದು ಬೇರೆ. ಸಾವಿನ ಎದುರು ನಿಂತವನು ಯಾರನ್ನು ಕರೆದರೂ ನನ್ನ ತಕರಾರಿಲ್ಲ. ನಮ್ಮ ಸೇನೆಯ ರೆಜಿಮೆಂಟುಗಳಿಗೆ ಒಂದೊಂದು ಘೋಷಣೆ ಉಂಟು. ರಾಜಪೂತರದ್ದು ಬಜರಂಗಬಲಿ, ಡೋಗ್ರಾದ್ದು ಜ್ವಾಲಾ ಮಾತೆ, ಗಢವಾಲಿಯದ್ದು ಬದರಿನಾಥ, ಸಿಖ್ಖರಿಗೆ ಸತ್ ಶ್ರೀ ಅಕಾಲ್, ಗೂರ್ಖಾಗಳಿಗೆ ಮಹಾಕಾಳಿ. ಕೇರಳದವರು, ಕನ್ನಡದವರು ಹೆಚ್ಚು ಸೇರುವ ಮದ್ರಾಸ್ ರೆಜಿಮೆಂಟಿಗೆ ದೇವರ ಹೆಸರೇ ಇಲ್ಲ, ವೀರ ಮದ್ರಾಸಿ, ಅಡಿ ಕೊಲ್ಲು ಅಂತ ಇದೆ. ಇನ್ನೊಂದು ರೆಜಿಮೆಂಟಿಗೂ ದೇವರ ಹೆಸರಿಲ್ಲ. ಅದು ಮಹಾರ್ ರೆಜಿಮೆಂಟ್. ಅವರ ಘೋಷಣೆ: ಬೋಲೋ ಹಿಂದೂಸ್ತಾನ್ ಕೀ ಜೈ.

ಮಹಾರರನ್ನು ಬ್ರಿಟಿಷರು ಮೊದಲು ಸೈನ್ಯಕ್ಕೆ ತೆಗೆದುಕೊಂಡರು. 1818ರ ಜನವರಿ 1ರ ಕೋರೆಗಾಂವ್ ನಿಮಗೆಲ್ಲ ಗೊತ್ತುಂಟು. ಆಮೇಲೆ 1890ರ ದಶಕದಲ್ಲಿ, ಇವರು ಯುದ್ಧಕ್ಕೆ ಹುಟ್ಟಿದ ಜಾತಿ ಅಲ್ಲ ಅಂತ ಹೇಳಿ ಬಾಗಿಲು ಹಾಕಿದರು. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಅವರ ನಂತರದ ಹುಡುಗರಿಗೆ ಆ ದಾರಿ ಇಲ್ಲದಾಯಿತು. ಬಾಬಾಸಾಹೇಬರು ಎರಡನೇ ಮಹಾಯುದ್ಧದ ಸಮಯದಲ್ಲಿ ಹಿಡಿದ ಹಟ ಬಿಡದೆ ಕೇಳಿದರು. 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಎಲ್ಲಿ? ಬೆಳಗಾವಿಯಲ್ಲಿ. ಆ ಹುಡುಗರು ಯಾವ ದೇವರ ಹೆಸರು ಕೂಗಬೇಕಿತ್ತು ಹೇಳಿ? ಯಾವ ದೇವಸ್ಥಾನದ ಒಳಗೆ ಅವರನ್ನು ಬಿಟ್ಟಿದ್ದರು? ಅವರು ದೇಶದ ಹೆಸರು ಕೂಗಿದರು. ದೇವರಿಲ್ಲದೆಯೂ ದೇಶ ಕಾಯಬಹುದು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಾಗಾದರೆ ನಾಯಕನ ಬಾಯಿಯ ದೇವರು ಎಂತ ಮಾಡುತ್ತಾನೆ? ಮೊದಲನೆಯದಾಗಿ, ಲೆಕ್ಕ ತಪ್ಪಿಸುತ್ತಾನೆ.

ಎಣ್ಮಕಜೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮ ಸ್ವರ್ಗ, ವಾಣಿನಗರ, ಪಡ್ರೆಯ ಕಡೆ ಮಕ್ಕಳು ತಲೆ ದೊಡ್ಡದಾಗಿ, ಕೈಕಾಲು ಸೊಟ್ಟಾಗಿ ಹುಟ್ಟಲಿಕ್ಕೆ ಶುರುವಾದಾಗ ಜನ ಎಂತ ಹೇಳಿದರು? ಜಟಾಧಾರಿಯ ಕೋಪ ಅಂದರು. ಹರಕೆ ಹೇಳಿದರು, ಪ್ರಶ್ನೆ ಇಡಿಸಿದರು. ತಲೆಯ ಮೇಲೆ ಹೆಲಿಕಾಪ್ಟರ್ ಬಂದು ಗೇರುಗುಡ್ಡೆಗೆ ಎಂಡೋಸಲ್ಫಾನ್ ಸುರಿಯುತ್ತಿತ್ತು. ವರ್ಷ ವರ್ಷ, ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ನೇ ಇಸವಿ ತನಕ. ದೈವದ ಕೋಪ ಅಂತ ಇದ್ದಷ್ಟು ದಿನ ಹೆಲಿಕಾಪ್ಟರಿನವರನ್ನು ಕೇಳುವವರಿರಲಿಲ್ಲ. ಇಲ್ಲಿಯ ಒಬ್ಬ ಡಾಕ್ಟರು, ಒಬ್ಬ ಪತ್ರಕರ್ತರು, ಕೆಲವು ತಾಯಂದಿರು ಇದು ಕೋಪ ಅಲ್ಲ, ವಿಷ ಅಂತ ಹೇಳಿದ ಮೇಲೆ ಲೆಕ್ಕ ಶುರುವಾಯಿತು. ಎಷ್ಟು ಮನೆ, ಎಷ್ಟು ಮಕ್ಕಳು, ಯಾರು ಹೊಣೆ. 2017ರಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ಐದೈದು ಲಕ್ಷ ಕೊಡಿ ಎಂದಿತು. ಕೊಡದ್ದಕ್ಕೆ 2022ರಲ್ಲಿ ಪುನಃ ಬೈಯಬೇಕಾಯಿತು. ಲೆಕ್ಕ ಶುರುವಾದ ಮೇಲೆ ಇಷ್ಟು ಕಷ್ಟ. ಶುರುವೇ ಆಗದಿದ್ದರೆ?

ಯುದ್ಧದಲ್ಲೂ ಹಾಗೆಯೇ. ಪಹಲ್ಗಾಮಿನ ಆ ಹುಲ್ಲುಗಾವಲಿಗೆ ಅಷ್ಟು ಜನ ಪ್ರವಾಸಿಗರು ಹೋಗಿದ್ದರು. ಕಾವಲಿಗೆ ಯಾರಿದ್ದರು? ಇಲ್ಲದಿದ್ದರೆ ಯಾಕಿಲ್ಲ? ಇದು ಕಾಗದದಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆ. ಗಡಿಯ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ಲು ಬಿದ್ದು ನಮ್ಮದೇ ಜನ ಸತ್ತರು, ಮಕ್ಕಳೂ ಸತ್ತರು. ಅವರಿಗೆ ಬಂಕರು ಇತ್ತಾ? ಇದೂ ಕಾಗದದ ಪ್ರಶ್ನೆ. ಹನುಮಂತನ ಹೆಸರು ಬಂದ ಮೇಲೆ ಇಂಥದ್ದು ಕೇಳಿದವನು ಅಪಶಕುನ ಆಗುತ್ತಾನೆ. ಮಂತ್ರಿಯನ್ನು ಪ್ರಶ್ನೆ ಮಾಡಬಹುದು. ಹನುಮಂತನನ್ನು ಯಾರು ಪ್ರಶ್ನೆ ಮಾಡ್ತಾರೆ, ಮಾರಾಯ್ರೆ?

ಎರಡನೆಯದು ಇದಕ್ಕಿಂತ ಕೆಟ್ಟದು. ದೇವರ ಹೆಸರು ಬಂದ ಕೂಡಲೇ ನಮ್ಮೊಳಗೆ ಒಂದು ಎಣಿಕೆ ಶುರುವಾಗುತ್ತದೆ. ಆ ದೇವರಿಗೆ ಸೇರಿದವರು ಯಾರು, ಸೇರದವರು ಯಾರು?

ಆ ದಿನಗಳಲ್ಲಿ ಟಿ.ವಿ.ಯ ಮುಂದೆ ಬಂದು ಸೇನೆಯ ವಿವರ ಕೊಟ್ಟ ಇಬ್ಬರು ಹೆಣ್ಣುಮಕ್ಕಳು ನಿಮಗೆ ನೆನಪಿರಬಹುದು. ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಕರ್ನಲ್ ಖುರೇಷಿ ಕನ್ನಡನಾಡಿನ ಸೊಸೆ, ಗಂಡನ ಮನೆ ಬೆಳಗಾವಿ ಜಿಲ್ಲೆಯ ಗೋಕಾಕದ ಹತ್ತಿರ ಕೊಣ್ಣೂರು. ಮೇ 12ಕ್ಕೆ ಮಧ್ಯಪ್ರದೇಶದ ಮಂತ್ರಿ ವಿಜಯ್ ಶಾ ಸಭೆಯಲ್ಲಿ ಅವರನ್ನು ಭಯೋತ್ಪಾದಕರ ಸಹೋದರಿ ಅನ್ನುವ ಅರ್ಥ ಬರುವ ಹಾಗೆ ಮಾತಾಡಿದರು. ಎದುರು ಕೂತವರು ಚಪ್ಪಾಳೆ ತಟ್ಟಿದರು. ಇದು ಎಲ್ಲಿ ನಡೆದದ್ದು ಗೊತ್ತುಂಟಾ? ಮಹೂ ಹತ್ತಿರದ ಒಂದು ಹಳ್ಳಿಯಲ್ಲಿ. ಮಹೂ ಅಂದರೆ 1891ರ ಏಪ್ರಿಲ್ 14ಕ್ಕೆ ಬಾಬಾಸಾಹೇಬರು ಹುಟ್ಟಿದ ದಂಡಿನ ಊರು. ಮೇ 14ಕ್ಕೆ ಮಧ್ಯಪ್ರದೇಶದ ಹೈಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡು ಕೇಸು ದಾಖಲಿಸಲು ಹೇಳಿತು. ಮಂತ್ರಿ ಕೇಳಿದ ಕ್ಷಮೆಯನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅದೇ ವಾರ ಇನ್ನೊಂದು ಕಡೆಯಿಂದ, ಕೊಣ್ಣೂರಿನ ಆ ಮನೆಗೆ ದಾಳಿ ಆಯಿತು ಅಂತ ಒಂದು ಸುಳ್ಳು ಸುದ್ದಿ ಹಬ್ಬಿತು. ಅಂಥದ್ದು ಎಂತದೂ ಆಗಿಲ್ಲ ಅಂತ ಬೆಳಗಾವಿಯ ಪೊಲೀಸರು ಹೇಳಬೇಕಾಯಿತು.

ವ್ಯೋಮಿಕಾ ಸಿಂಗ್ ಅವರ ಕಥೆ ಕೇಳಿ. ಮೇ 15ಕ್ಕೆ ಸಮಾಜವಾದಿ ಪಕ್ಷದ ರಾಮಗೋಪಾಲ್ ಯಾದವ್ ಮೊರಾದಾಬಾದಿನಲ್ಲಿ ಭಾಷಣ ಮಾಡುತ್ತಾ, ಖುರೇಷಿ ಮುಸ್ಲಿಂ ಅಂತ ಹೆಸರಿನಲ್ಲೇ ಗೊತ್ತಾಯಿತು, ಬೈದರು. ವ್ಯೋಮಿಕಾರ ಜಾತಿ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ಅವರನ್ನೂ ಬೈಯುತ್ತಿದ್ದರು ಅಂತ ಹೇಳಿ, ಆ ಹೆಣ್ಣುಮಗಳ ಜಾತಿ ಇಂಥದ್ದು ಅಂತ ಮೈಕಿನಲ್ಲಿ ಸಾರಿದರು. ದಲಿತ ಜಾತಿಯ ಹೆಸರು. ಆ ಶಬ್ದವನ್ನು ನಾನು ಇಲ್ಲಿ ಹೇಳುವುದಿಲ್ಲ. ಮಾಯಾವತಿಯವರು ಇದನ್ನು ಖಂಡಿಸಿದರು. ಯಾದವರು ತಾನು ಹೇಳಿದ್ದು ಬೈದವರ ವಿರುದ್ಧ ಅನ್ನಬಹುದು. ಇರಬಹುದು. ಆದರೆ ನೋಡಿ, ಮೂರೇ ದಿವಸ. ಹನ್ನೆರಡಕ್ಕೆ ಒಬ್ಬಳ ಧರ್ಮ ಎಣಿಸಿದರು, ಹದಿನೈದಕ್ಕೆ ಇನ್ನೊಬ್ಬಳ ಜಾತಿ ಎಣಿಸಿದರು. ಇಬ್ಬರೂ ಸಮವಸ್ತ್ರದಲ್ಲಿದ್ದರು. ಸಮವಸ್ತ್ರದ ಅರ್ಥವೇ ಎಣಿಸಬೇಡಿ ಅಂತ ಅಲ್ವಾ?

ಅದಕ್ಕೇ ನಾನು ಇದು ನಮ್ಮ ಕಾಲನಿಯ ವಿಷಯ ಅಂದದ್ದು. ಧರ್ಮದ ಎಣಿಕೆ ಮುಸ್ಲಿಮರ ಮನೆ ಬಾಗಿಲಲ್ಲಿ ನಿಲ್ಲುವುದಿಲ್ಲ. ಅದು ಮುಂದೆ ನಡೆದು ನಮ್ಮ ಬಾಗಿಲಿಗೆ ಬರುತ್ತದೆ. ಯುದ್ಧದ ಮೆರವಣಿಗೆಗೆ ಮುಂದೆ ಕೂಗಲಿಕ್ಕೆ ನಮ್ಮ ಹುಡುಗರನ್ನು ಕರೆಯುತ್ತಾರೆ. ಜೀಪು ಬರುತ್ತದೆ, ಶಾಲು ಬರುತ್ತದೆ. ಮೆರವಣಿಗೆ ಮುಗಿದು ಊಟಕ್ಕೆ ಎಲೆ ಹಾಕುವಾಗ ಸಾಲು ಯಾವುದು ಅಂತ ನಾನು ಹೇಳಬೇಕಾ?

ಈಗ ನಮ್ಮ ತುಳುನಾಡಿನ ಒಂದು ವಿಷಯ. ದೇವರ ಹೆಸರಿನಲ್ಲಿ ಮಾತಾಡುವುದು ಅಂದರೆ ಎಂತ ಅಂತ ನಮ್ಮವರಿಗೆ ಗೊತ್ತಿದ್ದಷ್ಟು ಯಾವ ಮಂತ್ರಿಗೂ ಗೊತ್ತಿಲ್ಲ. ಕೋಲದಲ್ಲಿ ದೈವದ ನುಡಿ ಬರುವುದು ಯಾರ ಬಾಯಿಯಿಂದ? ನಲಿಕೆಯವರ ಬಾಯಿಯಿಂದ, ಪರವರ, ಪಂಬದರ ಬಾಯಿಯಿಂದ. ಸುಮ್ಮನೆ ಬರುವುದಿಲ್ಲ ಅದು. ವ್ರತ ಹಿಡಿಯಬೇಕು, ಎಣ್ಣೆಬೂಳ್ಯ ಪಡೆಯಬೇಕು, ಪಾಡ್ದನ ಹೇಳಬೇಕು, ಗಗ್ಗರ ಕಟ್ಟಬೇಕು. ಅಷ್ಟು ಮಾಡಿದ ಮೇಲೂ ಮನಸ್ಸಿಗೆ ಬಂದ ಹಾಗೆ ಮಾತಾಡಲಿಕ್ಕಿಲ್ಲ. ಜಾಗದ ತಕರಾರು ಬಂದರೆ ಎರಡು ಕಡೆಯವರನ್ನೂ ಎದುರು ನಿಲ್ಲಿಸಿ ಕೇಳಬೇಕು. ಒಂದು ಕಡೆಯವನ ಮಾತು ಕೇಳಿ ನುಡಿ ಕೊಟ್ಟರೆ ಹತ್ತು ಸಮಸ್ತರು ಒಪ್ಪುವುದಿಲ್ಲ. ಈ ಮಂತ್ರಿಗಳಿಗೆ ಯಾವ ವ್ರತ ಉಂಟು? ಯಾರ ಎದುರು ಉತ್ತರ ಉಂಟು?

ನಾನು ದೈವದ ಚಾವಡಿಯನ್ನು ಹೊಗಳುತ್ತಿದ್ದೇನೆ ಅಂತ ತಿಳಿಯಬೇಡಿ. ಅಲ್ಲೂ ಬೂಳ್ಯ ಕೊಡುವಾಗ ಗುತ್ತಿನವರಿಂದ ಶುರು ಮಾಡಿ ಅಂತಸ್ತಿನ ಪ್ರಕಾರ ಕರೆಯುತ್ತಾರೆ. ರಾತ್ರಿ ಅಣಿ ಕಟ್ಟಿದವನ ಎದುರು ಕೈ ಮುಗಿದು ನಿಂತ ಯಜಮಾನ, ಬೆಳಿಗ್ಗೆ ಅದೇ ಮನುಷ್ಯನನ್ನು ಅಂಗಳದ ಹೊರಗೆ ನಿಲ್ಲಿಸಿದ ಕಾಲವನ್ನು ನಮ್ಮ ಅಜ್ಜಂದಿರು ಕಂಡಿದ್ದಾರೆ. ಆದರೂ ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಅನ್ನುವ ಮುಸ್ಲಿಂ ಹೆಸರಿನ ದೈವ ಕಟ್ಟುವ ಊರಿನವರು ನಾವು. ದೇವರನ್ನು ಮಧ್ಯೆ ಇಟ್ಟು ಮನುಷ್ಯರನ್ನು ಎರಡು ಭಾಗ ಮಾಡುವ ವಿದ್ಯೆ ಇಲ್ಲಿಯದ್ದಲ್ಲ, ಹೊರಗಿನಿಂದ ಬಂದದ್ದು.

ಹಿಂದಿನ ರಾಜರು ಎಂತ ಮಾಡಿದರು ಅಂತ ಕೆಲವರು ಕೇಳ್ತಾರೆ. ಒಂದು ಉದಾಹರಣೆ ಸಾಕು. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಮರಾಠರ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿತು. ಸ್ವಾಮಿಗಳು ಕಾರ್ಕಳಕ್ಕೆ ಬಂದು ಕೂರಬೇಕಾಯಿತು. ಹಿಂದೂ ಸೈನ್ಯ, ಹಿಂದೂ ಮಠ. ಟಿಪ್ಪು ಸ್ವಾಮಿಗಳಿಗೆ ಕಾಗದ ಬರೆದು, ಮಠ ಸರಿ ಮಾಡಲಿಕ್ಕೆ ಹಣ ಕೊಟ್ಟು, ಶತ್ರುನಾಶಕ್ಕೆ ಸಹಸ್ರ ಚಂಡಿ ಜಪ ಮಾಡಿಸಿ ಅಂತ ಕೇಳಿಕೊಂಡ. ಮುಸ್ಲಿಂ ರಾಜ, ಚಂಡಿ ಜಪ. ಅದೇ ಟಿಪ್ಪು ತನ್ನ ಸರ್ಕಾರವನ್ನು ಖುದಾದಾದ್, ದೇವರು ಕೊಟ್ಟದ್ದು, ಅಂತ ಕರೆದ. 1784ರಲ್ಲಿ ನಮ್ಮ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಇದರಲ್ಲಿ ನಿಜವಾದ ಟಿಪ್ಪು ಯಾರು ಅಂತ ಜಗಳ ಮಾಡುವವರು ಮಾಡಲಿ. ನನಗೆ ಕಾಣುವುದು ಇಷ್ಟು: ಯುದ್ಧದಲ್ಲಿರುವ ದೊರೆಗೆ ಯಾವ ದೇವರಾದರೂ ಆಗುತ್ತದೆ. ಕೆಲಸ ಆದರೆ ಆಯಿತು. ಹಾಗೆ ನೋಡಿದರೆ ಪಾಕಿಸ್ತಾನಕ್ಕೆ ಇದರ ಪಾಠ 1971ರಲ್ಲೇ ಆಗಬೇಕಿತ್ತು. ಪೂರ್ವ ಬಂಗಾಳದಲ್ಲಿ ಅವರ ಸೇನೆ ಕೊಂದವರಲ್ಲಿ ಲಕ್ಷಗಟ್ಟಲೆ ಜನ ಅದೇ ಕಲಿಮಾ ಹೇಳುವವರೇ.

ಕಳೆದ ವರ್ಷ ಜೂನಿನಲ್ಲಿ, ಅಂದರೆ 2025ರಲ್ಲಿ, ಇಸ್ರೇಲ್ ಮತ್ತು ಇರಾನ್ ಹನ್ನೆರಡು ದಿವಸ ಹೊಡೆದಾಡಿದವು. ಇಸ್ರೇಲ್ ತನ್ನ ದಾಳಿಗೆ ಏಳುವ ಸಿಂಹ ಅಂತ ಬೈಬಲಿನ ಮಾತನ್ನು ಹೆಸರಿಟ್ಟಿತು. ನೆತನ್ಯಾಹು ಮುಂಚಿನ ದಿವಸವೇ ಜೆರುಸಲೇಮಿನ ಗೋಡೆಯ ಸಂದಿಯಲ್ಲಿ ಆ ಮಾತು ಬರೆದ ಚೀಟಿ ಸಿಕ್ಕಿಸಿ ಬಂದಿದ್ದರು. ಇರಾನ್ ತನ್ನ ಉತ್ತರಕ್ಕೆ ಸತ್ಯ ವಾಗ್ದಾನ ಅಂತ ಹೆಸರಿಟ್ಟಿತು. ಮಧ್ಯದಲ್ಲಿ ಅಮೆರಿಕ ಇರಾನಿನ ಮೂರು ಅಣು ಕೇಂದ್ರಗಳಿಗೆ ಬಾಂಬು ಹಾಕಿತು. ಟ್ರಂಪ್ ಟಿ.ವಿ.ಯಲ್ಲಿ ಬಂದು ದೇವರಿಗೆ ವಿಶೇಷ ಧನ್ಯವಾದ ಹೇಳಿದರು. ಜೂನ್ 23ಕ್ಕೆ ಇರಾನಿನ ಕ್ಷಿಪಣಿ ಕತಾರಿನ ಅಮೆರಿಕನ್ ನೆಲೆಗೆ ಬಂತು, ವಿಮಾನ ನಿಂತಿತು. ಕಾಸರಗೋಡಿನ ಎಷ್ಟು ಮನೆಗಳಲ್ಲಿ ಆ ರಾತ್ರಿ ಫೋನು ಹಿಡಿದು ಕೂತರು! ಪಕ್ಕದ ಮನೆಯ ಬ್ಯಾರಿಗಳ ಹುಡುಗನೂ ಅಲ್ಲಿ, ನಮ್ಮ ಹುಡುಗನೂ ಅಲ್ಲಿ, ಒಂದೇ ಕೋಣೆಯಲ್ಲಿ ಮೇಲೆ ಕೆಳಗೆ ಮಂಚ. ಮೂರು ದೇಶ, ಮೂರು ದೇವರು, ನಮಗೆ ಮಾತ್ರ ಒಂದೇ ಹೆದರಿಕೆ.

ದೇವರ ಹೆಸರು ಎತ್ತಿದ ನಾಯಕರೆಲ್ಲ ಒಂದೇ ತರ ಅಂತ ನಾನು ಹೇಳುವುದಿಲ್ಲ. 1865ರ ಮಾರ್ಚ್ 4ಕ್ಕೆ ಅಮೆರಿಕದಲ್ಲಿ ಅಬ್ರಹಾಂ ಲಿಂಕನ್ ಎರಡನೇ ಸಲ ಅಧ್ಯಕ್ಷರಾದಾಗ ಯುದ್ಧ ಇನ್ನೂ ಮುಗಿದಿರಲಿಲ್ಲ. ಗುಲಾಮಗಿರಿಯ ಪ್ರಶ್ನೆಯ ಮೇಲೆ ನಡೆದ ಯುದ್ಧ ಅದು. ಗೆಲ್ಲುತ್ತಿದ್ದದ್ದು ಅವರ ಕಡೆ. ದೇವರು ನಮ್ಮ ಕಡೆ ಅಂತ ಹೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಹೇಳಿದ್ದು ಬೇರೆ: ಎರಡು ಕಡೆಯವರೂ ಓದುವುದು ಒಂದೇ ಬೈಬಲು, ಬೇಡುವುದು ಒಂದೇ ದೇವರನ್ನು, ಗುಲಾಮರ ಬೆವರಿನಲ್ಲಿ ಉಂಡ ಪಾಪಕ್ಕೆ ಉತ್ತರದವರಿಗೂ ದಕ್ಷಿಣದವರಿಗೂ ಒಟ್ಟಿಗೇ ಬಂದ ಶಿಕ್ಷೆ ಈ ಯುದ್ಧ ಇರಬಹುದು. ಬೆರಳು ತನ್ನ ಕಡೆಗೇ ತೋರಿಸಿದ ಭಾಷಣ ಅದು. ಎಂಟು ವರ್ಷ ಕಳೆದು 1873ರಲ್ಲಿ ಜ್ಯೋತಿಬಾ ಫುಲೆ ತನ್ನ ಗುಲಾಮಗಿರಿ ಪುಸ್ತಕವನ್ನು ಆ ದೇಶದ ಜನರಿಗೇ ಅರ್ಪಣೆ ಮಾಡಿದರು. ಆದರೆ ಇಲ್ಲೂ ಒಂದು ಜಾಗ್ರತೆ ಬೇಕು. 1934ರ ಬಿಹಾರದ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಗಾಂಧೀಜಿ ಹೇಳಿದರು. ನಮ್ಮ ಪರವಾಗಿಯೇ ಹೇಳಿದ ಮಾತು. ರವೀಂದ್ರನಾಥ ಠಾಕೂರರು ಇದು ಸರಿಯಲ್ಲ ಎಂದರು. ಠಾಕೂರರು ಹೇಳಿದ್ದೇ ಸರಿ. ಗೋಡೆಯಡಿ ಸತ್ತವರಲ್ಲಿ ಅಸ್ಪೃಶ್ಯರೂ ಇದ್ದರಲ್ಲ, ಅವರದು ಯಾವ ಪಾಪ?

ಕಾನೂನು ಎಂತ ಹೇಳುತ್ತದೆ? ಓಟು ಕೇಳುವಾಗ ಧರ್ಮ, ಜಾತಿ ಎತ್ತಬಾರದು ಅಂತ 2017ರ ಜನವರಿ 2ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಗಟ್ಟಿ ಮಾಡಿ ಹೇಳಿತು. ಯುದ್ಧದ ಭಾಷಣಕ್ಕೆ ಅಂಥದ್ದಿಲ್ಲ. ಆದರೆ ಸಂವಿಧಾನ ಬರೆದವರ ಮನಸ್ಸು ಎಂತ ಇತ್ತು ಅಂತ ಒಂದು ಘಟನೆಯಲ್ಲಿ ಗೊತ್ತಾಗುತ್ತದೆ. 1949ರ ಅಕ್ಟೋಬರ್ 17ಕ್ಕೆ ಎಚ್.ವಿ. ಕಾಮತ್, ಪೀಠಿಕೆಯನ್ನು ದೇವರ ಹೆಸರಿನಲ್ಲಿ ಶುರು ಮಾಡುವ ಅಂದರು. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆಯವರು ತಾನು ಆಸ್ತಿಕನಾಗಿದ್ದರೂ ಇದು ನಂಬದವನ ಮೇಲೆ ಒತ್ತಾಯ ಆಗುತ್ತದೆ ಎಂದರು. ಮತ ಹಾಕಿದರು. ಬೇಕು ಎಂದವರು 41, ಬೇಡ ಎಂದವರು 68. ನಾವು ಭಾರತದ ಜನತೆ ಅಂತಲೇ ಶುರುವಾಯಿತು. ಒಂದು ತಿಂಗಳು ಕಳೆದು ನವೆಂಬರ್ 25ಕ್ಕೆ ಬಾಬಾಸಾಹೇಬರು ಅದೇ ಸಭೆಯಲ್ಲಿ, ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿ ಇರಬಹುದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರದ ದಾರಿ ಅಂತ ಎಚ್ಚರಿಸಿದರು.

ಈ ವಿಷಯದಲ್ಲಿ ಬಾಬಾಸಾಹೇಬರು ನಮಗ ಬಿಟ್ಟು ಹೋದ ದೊಡ್ಡ ಮಾತು ಇರುವುದು ಅವರ ಕೊನೆಯ ಪುಸ್ತಕ ಬುದ್ಧ ಮತ್ತು ಅವನ ಧಮ್ಮದಲ್ಲಿ. ಅವರು ತೀರಿಕೊಂಡ ಮೇಲೆ 1957ರಲ್ಲಿ ಅಚ್ಚಾಯಿತು. ಸಿದ್ಧಾರ್ಥ ಮನೆ ಬಿಟ್ಟದ್ದು ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇಪ್ಪತ್ತೊಂಬತ್ತು ವರ್ಷದ ತನಕ ಒಬ್ಬ ಮನುಷ್ಯ ಹೆಣ ಕಂಡಿರಲಿಲ್ಲ ಅನ್ನುವುದನ್ನು ಬಾಬಾಸಾಹೇಬರು ನಂಬಲಿಲ್ಲ. ಅವರು ಹೇಳುವ ಕಾರಣ ಒಂದು ಯುದ್ಧ.

ಶಾಕ್ಯರಿಗೂ ಕೋಲಿಯರಿಗೂ ಮಧ್ಯೆ ರೋಹಿಣಿ ಅಂತ ಒಂದು ಹೊಳೆ. ಗದ್ದೆಗೆ ನೀರು ಮೊದಲು ಯಾರಿಗೆ ಅಂತ ತಕರಾರು, ಕೈಕೈ ಮಿಲಾಯಿಸಿತು, ಎರಡೂ ಕಡೆ ಗಾಯ ಆಯಿತು. ತೋಡಿನ ಕಟ್ಟದ ಜಗಳ ಕಂಡವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಶಾಕ್ಯರ ಸಂಘದ ಸಭೆ ಸೇರಿತು. ಸೇನಾಪತಿ ಯುದ್ಧ ಸಾರುವ ಎಂದ. ಸಿದ್ಧಾರ್ಥ ಎದ್ದು, ಮೊದಲು ತಪ್ಪು ಯಾರದ್ದು ಅಂತ ನೋಡುವ, ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಸೇರಿ ಐದನೆಯವನನ್ನು ಆರಿಸಲಿ, ಅವರು ತೀರ್ಮಾನ ಮಾಡಲಿ ಎಂದ. ಲೆಕ್ಕ ನೋಡುವ ಅಂದದ್ದು, ಅಷ್ಟೆ.

ಆಗ ಸೇನಾಪತಿ ಎಂತ ಹೇಳಿದ? ತನಿಖೆ ಯಾಕೆ ಬೇಡ ಅಂತ ಕಾರಣ ಹೇಳಲಿಲ್ಲ. ಧರ್ಮ ಎತ್ತಿದ. ಯಜ್ಞ ಮಾಡುವುದು ಬ್ರಾಹ್ಮಣರ ಧರ್ಮ, ಯುದ್ಧ ಮಾಡುವುದು ಕ್ಷತ್ರಿಯರ ಧರ್ಮ, ವ್ಯಾಪಾರ ವೈಶ್ಯರದ್ದು, ಸೇವೆ ಶೂದ್ರರದ್ದು, ಅವರವರ ಕೆಲಸ ಅವರವರು ಮಾಡುವುದರಲ್ಲೇ ಪುಣ್ಯ, ಶಾಸ್ತ್ರ ಹೇಳುವುದು ಇದನ್ನೇ ಎಂದ. ಇದನ್ನು ಓದುವಾಗ ನಾನು ಪುಸ್ತಕ ಮಡಚಿ ಕೂತೆ. ನೀರಿನ ಜಗಳದ ಮಾತಿನಲ್ಲಿ ಚಾತುರ್ವರ್ಣ್ಯ ಎಲ್ಲಿಂದ ಬಂತು? ಬಂದೇ ಬರುತ್ತದೆ. ಯುದ್ಧಕ್ಕೆ ಧರ್ಮದ ಬಾಗಿಲು ತೆಗೆದರೆ ಹಿಂದಿನಿಂದ ಜಾತಿಯೂ ಒಳಗೆ ಬರುತ್ತದೆ. ಮಹೂವಿನ ಭಾಷಣವೂ ಮೊರಾದಾಬಾದಿನ ಭಾಷಣವೂ ಮೂರು ದಿವಸದ ಅಂತರದಲ್ಲಿ ಆದದ್ದು ಯಾಕೆ ಅಂತ ಬಾಬಾಸಾಹೇಬರು ಅಷ್ಟು ವರ್ಷ ಮೊದಲೇ ಬರೆದಿಟ್ಟಿದ್ದಾರೆ. ಸಿದ್ಧಾರ್ಥನೂ ಧರ್ಮದ ಮಾತಲ್ಲೇ ಉತ್ತರ ಕೊಟ್ಟ: ನಾನು ತಿಳಿದ ಧರ್ಮ ಅಂದರೆ ಹಗೆಯಿಂದ ಹಗೆ ಹೋಗುವುದಿಲ್ಲ ಅನ್ನುವುದು.

ಮತ ಹಾಕಿದರು. ಸಿದ್ಧಾರ್ಥ ಸೋತ. ಮರುದಿವಸ ಇಪ್ಪತ್ತರಿಂದ ಐವತ್ತು ವರ್ಷದ ಎಲ್ಲ ಗಂಡಸರೂ ಸೈನ್ಯಕ್ಕೆ ಸೇರಬೇಕು ಅಂತ ಸೇನಾಪತಿ ಠರಾವು ತಂದ. ಹಿಂದಿನ ದಿವಸ ಯುದ್ಧ ಬೇಡ ಅಂತ ಮತ ಹಾಕಿದವರು ಅಲ್ಲೇ ಕೂತಿದ್ದರು. ಒಬ್ಬನೂ ಬಾಯಿ ಬಿಡಲಿಲ್ಲ. ಸಿದ್ಧಾರ್ಥ ಒಬ್ಬನೇ ಎದ್ದು ನಾನು ಸೇರುವುದಿಲ್ಲ ಎಂದ. ಸೇನಾಪತಿಗೆ ಅವನನ್ನು ಗಲ್ಲಿಗೆ ಹಾಕುವ ಅಧಿಕಾರ ಇರಲಿಲ್ಲ, ಅದಕ್ಕೆ ಕೋಸಲದ ರಾಜನ ಒಪ್ಪಿಗೆ ಬೇಕಿತ್ತು. ಹಾಗಾಗಿ ಬೇರೆ ಬೆದರಿಕೆ ಹಾಕಿದ: ನಿನ್ನ ಮನೆಯವರಿಗೆ ಬಹಿಷ್ಕಾರ ಹಾಕುತ್ತೇವೆ, ಜಾಗ ಕಿತ್ತುಕೊಳ್ಳುತ್ತೇವೆ. ಬಹಿಷ್ಕಾರ ಅನ್ನುವ ಶಬ್ದ ಬಾಬಾಸಾಹೇಬರು ಬರೆಯುವಾಗ ಅವರ ಕಣ್ಣ ಮುಂದೆ ಯಾರಿದ್ದಿರಬಹುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮನೆಯವರನ್ನು ಶಿಕ್ಷಿಸಬೇಡಿ, ತಪ್ಪಿದ್ದರೆ ನನ್ನದು, ನಾನು ಪರಿವ್ರಾಜಕನಾಗಿ ದೇಶ ಬಿಟ್ಟು ಹೋಗುತ್ತೇನೆ ಎಂದ. ಹೋದ.

ಸಂಘದ ಹುಡುಗರಿಗೆ ಒಂದು ಮಾತು. ಇನ್ನೊಂದು ಸಲ ಅಂಥ ದಿವಸ ಬಂದಾಗ, ಬರದೇ ಇರಲಿ, ನಮ್ಮ ವಾಟ್ಸಪ್ ಗುಂಪಿನಲ್ಲಿ ಯಾರೋ ಕಳಿಸಿದ್ದನ್ನು ಹಾಗೇ ಮುಂದೆ ದೂಡುವ ಮೊದಲು ಕೊಣ್ಣೂರಿನ ಆ ಸುಳ್ಳು ಸುದ್ದಿಯನ್ನು ನೆನಪು ಮಾಡಿ. ಇಡಪ್ಪಳ್ಳಿಯ ಆ ಮಗಳನ್ನೂ ನೆನಪು ಮಾಡಿ. ಅಪ್ಪನನ್ನು ಕಣ್ಣೆದುರೇ ಕಳಕೊಂಡು ಬಂದವಳು, ಆ ರಾತ್ರಿ ಜೊತೆಗೆ ನಿಂತ ಇಬ್ಬರು ಕಾಶ್ಮೀರಿ ಮುಸ್ಲಿಂ ಡ್ರೈವರುಗಳ ಬಗ್ಗೆ ನನಗೆ ಅಲ್ಲಿ ಇಬ್ಬರು ಅಣ್ಣಂದಿರು ಸಿಕ್ಕಿದರು ಅಂತ ಟಿ.ವಿ.ಯವರ ಎದುರು ಹೇಳಿದಳು. ಅವಳಿಗಿಂತ ಹೆಚ್ಚು ಸಿಟ್ಟು ಬರಲಿಕ್ಕೆ ನಮಗೆ ಎಂತ ಹಕ್ಕುಂಟು?

ಸಿದ್ಧಾರ್ಥ ಹೋದ ಮೇಲೆ ಆದದ್ದನ್ನು ಹೇಳಿ ಮುಗಿಸ್ತೇನೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಅವನು ರಾಜಗೃಹದಲ್ಲಿದ್ದಾಗ ಐದು ಮಂದಿ ಪರಿವ್ರಾಜಕರು ಬಂದು ಊರಿನ ಸುದ್ದಿ ಹೇಳುತ್ತಾರೆ. ಇವನು ಹೊರಟ ಮೇಲೆ ಶಾಕ್ಯರ ಜನವೇ ಬೀದಿಗಿಳಿದು ಯುದ್ಧ ಬೇಡ ಅಂತ ಮೆರವಣಿಗೆ ಮಾಡಿದರಂತೆ. ಕೋಲಿಯರು ನಮ್ಮ ಅಣ್ಣ-ತಮ್ಮಂದಿರು ಅಂತ ಕೂಗಿದರಂತೆ. ಸಂಘ ಪುನಃ ಸಭೆ ಸೇರಿ ಸಂಧಾನಕ್ಕೆ ಐದು ಜನರನ್ನು ಆರಿಸಿತು. ಕೋಲಿಯರೂ ಐದು ಜನರನ್ನು ಕಳಿಸಿದರು. ಹತ್ತೂ ಜನ ಕೂತು, ರೋಹಿಣಿಯ ನೀರಿನ ತಕರಾರು ಏನೇ ಬಂದರೂ ತೀರ್ಮಾನ ಮಾಡಲಿಕ್ಕೆ ಒಂದು ಕಾಯಂ ಸಮಿತಿ ಮಾಡುವುದು ಅಂತ ಒಪ್ಪಿಕೊಂಡರು.